ಚೆಲುವಜ್ಜಿ ಎಳೆದು ನೋಡದ ನಾರು

ಹೊಳೆಯಂಚಿನ ಒಂದು ಕಾಡಿನಲ್ಲಿ ಚೆಲುವಜ್ಜಿ ಎಂಬ ಮುದಿ ಮುಸುವ ಕೋತಿ ಇದ್ದಳು. ನಾರಿನಿಂದ ಅಗಲವಾದ ಪಟ್ಟಿ ನೇಯುವುದು ಅವಳ ಕೆಲಸ. ಮಳೆಗಾಲದಲ್ಲಿ ಹೊಳೆ ಉಕ್ಕಿ ತಗ್ಗಿನ ಕಾಡೆಲ್ಲ ಮುಳುಗುತ್ತಿತ್ತು. ಅದಕ್ಕೆ ಮೊದಲೇ ಮರಿಗಳನ್ನೆಲ್ಲ ದೊಡ್ಡ ಬುಟ್ಟಿಯಲ್ಲಿ ಕೂರಿಸಿ, ಬುಟ್ಟಿಯನ್ನು ಆನೆಯ ಬೆನ್ನಿಗೆ ಬಿಗಿದು, ಗುಡ್ಡದ ಮೇಲಕ್ಕೆ ಸಾಗಿಸುತ್ತಿದ್ದರು. ದಾರಿ ಬಲು ಕಡಿದು. ಪಕ್ಕದಲ್ಲೇ ಕಮರಿ. ಆನೆಯ ಹೊಟ್ಟೆಗೆ ಸುತ್ತಿದ ಅಜ್ಜಿಯ ಪಟ್ಟಿಯೇ ಬುಟ್ಟಿಗೆ ಆಧಾರ.

ಆ ವರ್ಷ ಹಳೆಯ ಪಟ್ಟಿ ಸವೆದುಹೋಗಿತ್ತು. ಅಜ್ಜಿಗೋ ಮಲಗಿ ಎದ್ದರೂ ಹೋಗದ ದಣಿವು. ಬೆಳಗಾದರೆ ಕಡವೆ ಬಂದು, "ಅಜ್ಜಿ, ಪಟ್ಟಿ ಆಯ್ತಾ?" ಎನ್ನುತ್ತಿತ್ತು. ಮಧ್ಯಾಹ್ನ ಮೊಲ ಬಂದು, "ಮೋಡ ಕಟ್ತಾ ಇದೆ ಅಜ್ಜಿ, ಬೇಗ ಬೇಗ!" ಎನ್ನುತ್ತಿತ್ತು. ಬೇಗ ಎನ್ನಲು ಎಲ್ಲರಿಗೂ ಬಾಯಿತ್ತು. ಕೈ ಹಾಕಲು ಮಾತ್ರ ಯಾರಿಗೂ ಪುರುಸೊತ್ತಿರಲಿಲ್ಲ.

ಅಜ್ಜಿ ಪುಂಡಿ ಗಿಡ ಕಡಿದು ಗುಂಡಿಯ ನೀರಿನಲ್ಲಿ ಕೊಳೆಯಲು ಹಾಕಿದ್ದಳು. ಅದು ಆಗಷ್ಟೇ ಹದಕ್ಕೆ ಬಂದಿತ್ತು. ಇನ್ನು ಆ ಗಬ್ಬು ನೀರಿಗಿಳಿದು ನಾರು ಸುಲಿಯಬೇಕು, ತೊಳೆಯಬೇಕು, ಒಣಗಿಸಬೇಕು. ಇಳಿಯಲು ಅವಳಿಗೆ ಕಾಲೇ ಬರಲಿಲ್ಲ.

"ಬಾಳೆ ನಾರಲ್ಲೇ ನೇಯಬಾರದಾ ಅಜ್ಜಿ?" ಎಂದು ಮೊಲ ಕೇಳಿತು.

"ಅದು ಹೂ ಕಟ್ಟೋಕೆ ಸರಿ ಕಣಪ್ಪ, ಭಾರ ತಡೆಯಲ್ಲ."

"ಹಾಗಾದ್ರೆ ಕತ್ತಾಳೆ?"

"ಗಟ್ಟಿ ಏನೋ ಹೌದು. ಆದ್ರೆ ಆನೆಯಪ್ಪನ ಹೊಟ್ಟೆ ಉಜ್ಜಿ ಹುಣ್ಣಾಗುತ್ತೆ. ಆ ಕಮರಿ ಹತ್ರ ಅವನು ಉರಿ ತಾಳಲಾರದೆ ಮೈ ಕೊಡವಿದ್ರೆ ಮರಿಗಳ ಗತಿ ಏನು? ಪುಂಡಿನೇ ಆಗಬೇಕು."

ಪೊದೆಯ ಹಿಂದೆ ಕುಳಿತಿದ್ದ ನರಿ ಇದನ್ನೆಲ್ಲ ಕೇಳಿಸಿಕೊಂಡಿತು. ಮಾರನೆಯ ದಿನ ಬೆಳ್ಳಗಿನ ನಾರಿನ ಹೊರೆ ಹೊತ್ತು ಬಂತು.

"ಅಯ್ಯೋ ಅಜ್ಜಿ, ಎಷ್ಟು ಸೊರಗಿಬಿಟ್ಟಿದ್ದೀಯ! ನೀನು ಗುಂಡಿಗೆ ಇಳಿಯೋದೇ ಬೇಡ. ಪುಂಡಿ ನಾರು ನಾನೇ ತಂದಿದ್ದೀನಿ. ಪಟ್ಟಿ ನೇಯ್ದಿದ್ದಕ್ಕೆ ಎಲ್ಲರೂ ನಿನಗೆ ಕೊಡೋ ಮಾವಿನಹಣ್ಣು ನನಗಿರಲಿ, ಅಷ್ಟೇ ಸಾಕು."

ನಾರು ಪುಂಡಿಯದೇ, ಸುಳ್ಳಲ್ಲ. ಆದರೆ ಅದು ಯಾರೋ ಇನ್ನೊಂದು ಗುಂಡಿಯಲ್ಲಿ ಹಾಕಿ ಮರೆತಿದ್ದ ಕಟ್ಟು. ಅಳತೆ ಮೀರಿ ಕೊಳೆತಿತ್ತು. ಹಾಗೆ ಕೊಳೆತ ನಾರು ನೋಡಲು ಬಿಳುಪು, ಮುಟ್ಟಲು ಮೆತ್ತಗೆ. ಜೀವ ಮಾತ್ರ ಇರುವುದಿಲ್ಲ. ನರಿಗೆ ಇದು ಚೆನ್ನಾಗಿ ಗೊತ್ತಿತ್ತು.

ಯಾವ ನಾರು ಬಂದರೂ ಒಂದು ಎಳೆಯನ್ನು ಒದ್ದೆ ಮಾಡಿ, ಬೆರಳಿಗೆ ಸುತ್ತಿ, ಜಗ್ಗಿ ನೋಡುವುದು ಅಜ್ಜಿಯ ರೂಢಿ. ಅಂದೂ ಕೈ ಮುಂದೆ ಹೋಯಿತು. "ಆಮೇಲೆ ನೋಡಿದರಾಯ್ತು ಬಿಡು" ಎಂದುಕೊಂಡು ಕೈಯನ್ನು ಹಿಂದಕ್ಕೆಳೆದುಕೊಂಡಳು. ಪಾಪ, ಅವಳಿಗೆ ಅಷ್ಟು ಸಾಕಾಗಿತ್ತು. ಸುಮ್ಮನೆ ನೇಯಲು ಕುಳಿತಳು.

ಪಟ್ಟಿ ಮುಗಿಯಿತು. ಎಲ್ಲರೂ ಅಜ್ಜಿಯ ಗುಂಡಿಯ ಬಳಿ ಸೇರಿದರು. ಆನೆ ಮಂಡಿಯೂರಿತು. ಬುಟ್ಟಿ ಬಿಗಿದದ್ದೂ ಆಯಿತು. ನರಿ ಆಗಲೇ ಮಾವಿನಹಣ್ಣಿನ ರಾಶಿಯ ಮೇಲೆ ಕುಳಿತಿತ್ತು. ಕಡವೆ ತನ್ನ ಮರಿಯನ್ನು ಬುಟ್ಟಿಯ ಕಡೆಗೆ ತಳ್ಳಿತು. ಆಗ ಅಜ್ಜಿ ತನ್ನ ಮಡಿಲು ನೋಡಿಕೊಂಡಳು. ಮಡಿಲ ತುಂಬ ಬಿಳಿಯ ಪುಡಿ ಉದುರಿತ್ತು. ಒಳ್ಳೆಯ ನಾರು ಎಂದೂ ಹೀಗೆ ಉದುರುವುದಿಲ್ಲ. ಅವಳು ದಡಕ್ಕನೆ ಎದ್ದಳು.

"ನಿಲ್ಲಿಸಿ! ಮರಿಗಳನ್ನ ಕೂರಿಸಬೇಡಿ! ನಾನು ನಾರು ಜಗ್ಗಿ ನೋಡಲಿಲ್ಲ. ತಪ್ಪು ನನ್ನದೇ."

"ಅಜ್ಜಿಗೆ ಅರಳುಮರಳು," ಎಂದು ನರಿ ನಕ್ಕಿತು. "ಪಟ್ಟಿ ಕಲ್ಲಿನ ಹಾಗಿದೆ."

"ಹಾಗಿದ್ರೆ ಮೊದಲು ನೀನೇ ಕೂತ್ಕೊ," ಎಂದಳು ಅಜ್ಜಿ.

ಎಲ್ಲರ ಕಣ್ಣೂ ನರಿಯ ಮೇಲೆ ಬಿತ್ತು. ಒಲ್ಲೆ ಎಂದರೆ ಬಣ್ಣ ಬಯಲಾಗುತ್ತದೆ. ಒಂದು ಗಳಿಗೆ ತಡೆದೀತು ಎಂದುಕೊಂಡು ನರಿ ಬುಟ್ಟಿ ಹತ್ತಿತು. ಹಣ್ಣು ಬಿಟ್ಟು ಹೋಗಲು ಮನಸ್ಸಾಗದೆ ರಾಶಿಯನ್ನೂ ಬುಟ್ಟಿಗೆ ತುಂಬಿಕೊಂಡಿತು. ಆನೆ ಎದ್ದು ನಿಂತು ಉಸಿರೆಳೆಯಿತು. ಪಟ್ಟಿ ಪಟ್ಟನೆ ಹರಿಯಿತು. ಬುಟ್ಟಿ, ಹಣ್ಣು, ನರಿ ಎಲ್ಲ ಒಟ್ಟಿಗೆ ಗಬ್ಬು ನೀರಿನೊಳಕ್ಕೆ ಬಿದ್ದವು.

ಯಾರೂ ನಗಲಿಲ್ಲ. ಕಡವೆ ತನ್ನ ಮರಿಯನ್ನು ಮೈಗೆ ಒತ್ತಿಕೊಂಡು ನಿಂತಿತು. ಅಜ್ಜಿ ಅತ್ತುಬಿಟ್ಟಳು.

"ನಾವು ಬೇಗ ಬೇಗ ಅಂದಿದ್ದಲ್ಲದೆ ಬೇರೇನು ಮಾಡಿದ್ವಿ?" ಎಂದಿತು ಕಡವೆ, ತಲೆ ತಗ್ಗಿಸಿ.

ನರಿ ದಡ ಹತ್ತಲು ಬಂದಾಗ ಆನೆ ಸೊಂಡಿಲು ಅಡ್ಡ ಇಟ್ಟಿತು. "ಹೇಗೂ ಇಳಿದಿದ್ದೀಯ. ಅಜ್ಜಿಯ ಕಟ್ಟು ಅಲ್ಲೇ ಇದೆ. ಸುಲಿ."

ನರಿ ಕುತ್ತಿಗೆಮಟ್ಟ ನೀರಿನಲ್ಲಿ ನಿಂತು ನಾರು ಸುಲಿಯಿತು. ಕಡವೆ ತೊಳೆಯಿತು, ಮೊಲ ಬಿಸಿಲಿಗೆ ಹರವಿತು. ಅಜ್ಜಿ ದಡದಲ್ಲಿ ಕಾಲು ಚಾಚಿ ಕುಳಿತು, ಬಂದ ನಾರನ್ನೆಲ್ಲ ಜಗ್ಗಿ ಜಗ್ಗಿ ನೋಡಿಯೇ ನೇಯ್ದಳು. ಮೊದಲ ಮಳೆ ಬೀಳುವ ಹೊತ್ತಿಗೆ ಮರಿಗಳೆಲ್ಲ ಗುಡ್ಡದ ಮೇಲಿದ್ದವು. ನರಿಯ ಮೈಯಿಂದ ಆ ವಾಸನೆ ಮಾತ್ರ ಮಳೆಗಾಲ ಮುಗಿದರೂ ಹೋಗಲಿಲ್ಲ. ಅದು ಬರುವುದು ಕಾಡಿಗೆಲ್ಲ ಮೊದಲೇ ತಿಳಿದುಬಿಡುತ್ತಿತ್ತು.

ನೀತಿ: ಭಾರ ಹೊರುವ ನಾರನ್ನು ಬಿಳುಪು ನೋಡಿ ಆರಿಸಬಾರದು, ಎಷ್ಟೇ ದಣಿದಿದ್ದರೂ ಜಗ್ಗಿ ನೋಡಿಯೇ ಆರಿಸಬೇಕು. ದಣಿದವರನ್ನು ಅವಸರಪಡಿಸುವ ಬದಲು ಅವರ ಕೆಲಸಕ್ಕೆ ಕೈ ಜೋಡಿಸಬೇಕು.