ಸೂಲಗಿತ್ತಿಯ ಮಗನೂ ಗುಡಿಯಿಲ್ಲದ ಮೂವರು ದೇವಿಯರೂ

ಹಿರೇಕೋಟೆಯ ಡಂಗುರದವನು ಊರೂರು ತಿರುಗಿ ಸಾರಿದ: "ಕೇಳ್ರಪ್ಪೋ ಕೇಳ್ರಿ! ಅರಸರ ಮಗಳು ಬಾಚಲದೇವಿಯವರು ದೇವಿಯರ ಮೇಲೆ ಮೂರು ಒಗಟು ಹಾಕ್ತಾರ. ಮೂರನ್ನೂ ಬಿಡಿಸಿದವನಿಗೆ ಬೇಡಿದ್ದು ಸಿಗ್ತದ, ಒಪ್ಪಿದರ ಅವರ ಕೈ ಹಿಡೀಬಹುದು. ತಪ್ಪಿದವನ ತಲಿ ಹುಣ್ಣಿಮಿ ದಿನ ಹೊತ್ತು ಮುಳುಗೂದರೊಳಗ ಉರುಳ್ತದ!"

ತಲೆಯ ಮಾತು ಕೇಳಿಯೂ ಜನ ಹೋದರಲ್ಲ, ಅವರಿಗೆ ಏನನ್ನೋಣ! ಹುಣ್ಣಿಮೆ ಬರುವಷ್ಟರಲ್ಲಿ ಹನ್ನೆರಡು ಮಂದಿ ಸೆರೆಮನೆ ಸೇರಿದ್ದರು. ಅವರಲ್ಲಿ ಕೊನೆಯವನು ಕೆಂಚ. ದೇವಿಯ ನೂರೆಂಟು ಹೆಸರು ಬಾಯಿಪಾಠ ಮಾಡಿಕೊಂಡಿದ್ದೇನೆ, ಯಾವುದೋ ಒಂದು ತಾಗಿಯೇ ತಾಗುತ್ತದೆ ಅಂತ ಎದೆಯುಬ್ಬಿಸಿ ಹೋಗಿದ್ದ. ನೂರೆಂಟೂ ಹೇಳಿ ಮುಗಿಸಿದ, ಒಂದೂ ತಾಗಲಿಲ್ಲ.

ಕೆಂಚನ ತಮ್ಮ ಭರಮ. ಅವರ ತಾಯಿ ನೀಲವ್ವ ಏಳೂರಿಗೆ ಸೂಲಗಿತ್ತಿ. ಹತ್ತು ವರ್ಷದ ಹಿಂದೆ ಅವಳ ಕಣ್ಣು ಹೋದವು. ಕೈ ಮಾತ್ರ ಹಾಗೇ ಇತ್ತು ನೋಡಿ, ಹೆರಿಗೆ ಅಂದರೆ ಜನ ಇವಳನ್ನೇ ಕರೆಯುತ್ತಿದ್ದರು. ತಾಯಿಯ ಕೈಹಿಡಿದು ಕರೆದೊಯ್ಯುವುದು, ಹೊಸ್ತಿಲಾಚೆ ಕೂತು ಕೇಳಿದ್ದು ಕೊಡುವುದು, ಇದು ಭರಮನ ಕೆಲಸ. ಓರಗೆಯವರು "ಬಾಣಂತಿ ಭರಮಾ" ಅಂತ ಗೇಲಿ ಮಾಡಿದರೆ ಅವನೂ ನಕ್ಕುಬಿಡುತ್ತಿದ್ದ. ಅಣ್ಣನ ಸುದ್ದಿ ಕೇಳಿದ ದಿನ ಮಾತ್ರ ಅವನ ಮುಖದಲ್ಲಿ ನಗು ಉಳಿಯಲಿಲ್ಲ.

"ಯವ್ವಾ, ನಾ ಹೋಗ್ತೀನಿ," ಅಂದ.

"ಒಬ್ಬ ಹೋಗಿದ್ದು ಸಾಲದೇನೋ?" ಅಂತ ನೀಲವ್ವ ಅತ್ತಳು. ಅತ್ತು ಮುಗಿಸಿ ಸೆರಗು ಸಿಕ್ಕಿಸಿಕೊಂಡಳು. "ನಡಿ. ನಾನೂ ಬರ್ತೀನಿ."

ಹುಣ್ಣಿಮೆಯ ದಿನ ಅರಮನೆಯ ಅಂಗಳದಲ್ಲೇ ಸಭೆ. ಭರಮನಿಗಿಂತ ಮುಂದೆ ಇಬ್ಬರಿದ್ದರು. ಮೊದಲನೆಯವನು ಪಕ್ಕದ ನಾಡಿನ ರಾಜಕುಮಾರ, ಮೈತುಂಬ ಒಡವೆ.

ಬಾಚಲದೇವಿ ಕೇಳಿದಳು: "ವರ್ಷವರ್ಷವೂ ಬಸಿರಾಗುವ ದೇವಿ ಒಬ್ಬಳಿದ್ದಾಳೆ. ಬಯಕೆಯೂಟಕ್ಕೆ ಕರೆದರೆ ಬರುವವಳಲ್ಲ, ಊಟವೇ ಅವಳ ಬಳಿಗೆ ಹೋಗಬೇಕು. ಎಲೆ ಹಾಕಿ ಬಡಿಸುವುದಿಲ್ಲ, ಎರಚುತ್ತೇವೆ. ಅವಳು ಮುನಿಯುವುದಿಲ್ಲ. ಯಾರವಳು?"

"ಪಾರ್ವತಿ!" ಅಂದ ರಾಜಕುಮಾರ. ಭಟರು ಅವನ ರಟ್ಟೆ ಹಿಡಿದರು. ಹೊಲಕ್ಕೆ ಕಾಲಿಡದವನಿಗೆ ಅದೆಲ್ಲಿಂದ ಗೊತ್ತಾಗಬೇಕು ಪಾಪ!

ಎರಡನೆಯವನು ಪಂಡಿತ. ಹಳ್ಳಿಯಲ್ಲಿ ಹುಟ್ಟಿದವನಾದ್ದರಿಂದ ಮೊದಲ ಒಗಟು ದಾಟಿದ. ಬಾಚಲದೇವಿ ಎರಡನೆಯದು ಹಾಕಿದಳು: "ಗುಡಿಯಿಲ್ಲ, ಮೂರ್ತಿಯಿಲ್ಲ. ಪ್ರತಿಯೊಬ್ಬರ ಮನೆಗೂ ಅವರ ಬದುಕಿನಲ್ಲಿ ಒಂದೇ ಸಲ ಬರುತ್ತಾಳೆ. ಬರೆಯುತ್ತಾಳೆ, ಓದಿ ಹೇಳುವುದಿಲ್ಲ. ಅರಸನಾಗಲಿ ಆಳಾಗಲಿ, ಅವಳು ಬರೆದದ್ದನ್ನು ಅಳಿಸಿದವರಿಲ್ಲ. ಯಾರು?"

"ಬರೆಯುವವಳೆಂದರೆ ಸರಸ್ವತಿಯೇ ಸರಿ," ಅಂತ ಪಂಡಿತ ಸಭೆಯತ್ತ ನೋಡಿ ಮೀಸೆ ತೀಡಿದ. ಮೀಸೆಯ ಸಮೇತ ಅವನನ್ನೂ ಎಳೆದೊಯ್ದರು.

ಈಗ ಸೆರೆಯಲ್ಲಿ ಹದಿನಾಲ್ಕು ಮಂದಿ. ಹೊತ್ತು ಇಳಿಯುತ್ತಿತ್ತು. ಭರಮ ಬರಿಗಾಲಲ್ಲಿ ಮುಂದೆ ಬಂದ. ತೇಪೆಯ ಅಂಗಿ ಕಂಡು ಸಭೆ ಕಿಸಕ್ಕನೆ ನಕ್ಕಿತು.

"ಮೊದಲನೇದು ಭೂಮಿತಾಯಿ ರೀ," ಅಂದ. "ಬೆಳಿ ಹೊಟ್ಟಿಯೊಳಗಿದ್ದಾಗ ಸೀಗಿ ಹುಣ್ಣಿಮಿಗೆ ಬುತ್ತಿ ಹೊತ್ತು ಹೊಲಕ್ಕ ಹೋಗಿ ಅನ್ನ ಎರಚಿ ಚರಗ ಚೆಲ್ತೀವಿ. ಬಸುರಿಗೆ ಬಯಕಿ ಇರ್ತಾವಲ್ರೀ?"

ಬಾಚಲದೇವಿ ತಲೆಯಾಡಿಸಿದಳು.

"ಎರಡನೇದು ಶೆಟಿಗೆವ್ವ. ಕೂಸು ಹುಟ್ಟಿದ ಐದನೇ ರಾತ್ರಿ ಹಣಿಬರಹ ಬರೆಯಾಕ ಬರ್ತಾಳ. ತೊಟ್ಟಿಲ ಹತ್ತಿರ ದೀಪ, ಖಾಲಿ ಓಲಿಗರಿ, ಬರೆಯೂ ಕಂಟ ಇಡ್ತಾರ. ಬೆಳಿಗ್ಗೆ ನೋಡಿದರ ಓಲಿ ಖಾಲೀನ ಇರ್ತದ. ಬರೆಯೂದು ಕೂಸಿನ ಹಣಿ ಮ್ಯಾಲ ರೀ!"

ಸಭೆಯ ನಗು ನಿಂತಿತು. ಉಪ್ಪರಿಗೆಯಲ್ಲಿದ್ದ ಹೆಂಗಸರೆಲ್ಲ ಕಂಬಿಗೆ ಬಂದು ಆತುಕೊಂಡರು. ಆ ರಾತ್ರಿ ಗಂಡಸರನ್ನು ಹೊರಗಟ್ಟುತ್ತಾರೆ, ಇವನಿಗೆ ಹೇಗೆ ಗೊತ್ತು?

"ಮೂರನೆಯದು," ಅಂದಳು ಬಾಚಲದೇವಿ. "ಬೆಳಿಗ್ಗೆ ಎಲ್ಲರೂ ತುಳಿಯುತ್ತಾರೆ. ಮಧ್ಯಾಹ್ನ ಅರಿಸಿನ ಕುಂಕುಮ ಇಟ್ಟು ಕೈಮುಗಿಯುತ್ತಾರೆ. ಸಂಜೆ ಮತ್ತೆ ತುಳಿಯುತ್ತಾರೆ. ಅವಳ ಅಪ್ಪಣೆಯಿಲ್ಲದೆ ಹಸಿ ಬಾಣಂತಿ ಕೊಡ ಎತ್ತುವುದಿಲ್ಲ. ಯಾರು?"

ಭರಮ ತಲೆ ಕೆರೆದುಕೊಂಡ. ತುಳಿಸಿಕೊಳ್ಳುವ ದೇವಿ? ಹೊಸ್ತಿಲು ಅನ್ನೋಣವೆಂದರೆ ಅದಕ್ಕೂ ಬಾಣಂತಿಯ ಕೊಡಕ್ಕೂ ಏನು ಸಂಬಂಧ? ಅಂಗಳದಂಚಿನ ಸೆರೆಮನೆಯ ಕಿಂಡಿಯಿಂದ ಕೆಂಚ ಕೂಗಿದ, "ತಮ್ಮಾ, ಆ ನೂರೆಂಟು ಹೆಸರ ಹೇಳಬ್ಯಾಡೋ! ನಾ ಎಲ್ಲಾ ಹೇಳೀನಿ!" ತಲೆ ಹೊಡೆಯುವ ಕತ್ತಿಯವನು ಎದ್ದು ನಿಂತ. ಭರಮ ತಡೆಯಲಾರದೆ ಕಾಲು ಬದಲಿಸಿದ. ಅಂಗಾಲಿಗೆ ಹರಳೊಂದು ಚುಚ್ಚಿತು.

ಅವನು ಬಗ್ಗಿದ. ಅಂಗಳದಿಂದ ಐದು ಹರಳು ಆರಿಸಿ ಬಾವಿಕಟ್ಟೆಗೆ ಹೋದ, ತೊಳೆದ, ಸಾಲಾಗಿ ಇಟ್ಟ.

"ಗಂಗವ್ವ ರೀ! ಬಾಣಂತಿ ಮೊದಲ ಸಲ ನೀರಿಗೆ ಬಂದಾಗ ದಾರಿಯ ಐದು ಹರಳ ಇಟ್ಟು, ಅರಿಸಿನ ಕುಂಕುಮ ಹಚ್ಚಿ, ಅವನ್ನ ಗಂಗವ್ವ ಅಂತ ಪೂಜಿ ಮಾಡ್ತಾಳ. ಆಮ್ಯಾಲ ಕೊಡ ತುಂಬತಾಳ. ಪೂಜಿ ಮುಗಿದ ಮ್ಯಾಲ ಹರಳು ಮತ್ತ ದಾರಿಗೇ ಬೀಳ್ತಾವ."

ಉಪ್ಪರಿಗೆಯಲ್ಲಿ ಒಬ್ಬ ಮುದುಕಿ ಹೋ ಎಂದು ಕೂಗಿದಳು. ಆಮೇಲೆ ಇಡೀ ಅಂಗಳವೇ ಕೂಗಿತು.

ಅರಸ ಸಿಂಹಾಸನದಿಂದ ಇಳಿದ. "ಯಾವ ಗುರುವಿನ ಹತ್ತಿರ ಕಲಿತೆಯಪ್ಪಾ?"

"ಹೆಬ್ಬಾಗಿಲ ಹೊರಗ ನಿಂತಾಳ ರೀ. ಕಾವಲವರು ಒಳಗ ಬಿಡವಲ್ಲರು. ನನಗ ಬ್ಯಾರೆ ಏನೂ ಬ್ಯಾಡ. ನಮ್ಮಣ್ಣನ ತಲಿ ಕೊಡ್ರಿ, ಆ ಹದಿಮೂರು ಮಂದೀದೂ ಕೊಡ್ರಿ. ಅವರೂ ಒಬ್ಬೊಬ್ಬ ತಾಯಿ ಹೆತ್ತ ಮಕ್ಕಳ."

ಅರಸ ನಾಚಿ ತಲೆತಗ್ಗಿಸಿದ. ಸೆರೆಮನೆಯ ಬಾಗಿಲು ತೆರೆಯಿತು.

"ನಾನು ಕೈ ಕೊಡುತ್ತೇನೆ," ಅಂದಳು ಬಾಚಲದೇವಿ. "ಅವರಿಗೂ ಒಪ್ಪಿಗೆಯೇ ಅಂತ ಕೇಳಿ."

ಭರಮನ ಕಿವಿ ಕೆಂಪಾದವು. "ಒಪ್ಪಿಗಿ ರೀ. ಆದರ ನಮ್ಮವ್ವನ ಕೈ ಬಿಡಂಗಿಲ್ಲ ನಾನು."

"ಒಂದು ಕೈ ನನಗಿರಲಿ," ಅಂದವಳೇ ಬಾಚಲದೇವಿ ಹೆಬ್ಬಾಗಿಲಿಗೆ ತಾನೇ ನಡೆದು ನೀಲವ್ವನನ್ನು ಕರೆತಂದಳು. ಕೆಂಚ ಓಡಿಬಂದು ತಾಯಿಯ ಮುಂದೆ ಮಂಡಿಯೂರಿದ. ನೀಲವ್ವ ಆಗತಾನೇ ಹುಟ್ಟಿದ ಕೂಸನ್ನು ನೋಡುವ ಹಾಗೆ ಅವನ ನೆತ್ತಿ ಮುಟ್ಟಿದಳು, ಕಿವಿ ಮುಟ್ಟಿದಳು, ಕುತ್ತಿಗೆಯ ಸುತ್ತ ಬೆರಳಾಡಿಸಿ ಎಲ್ಲೂ ಗಾಯವಿಲ್ಲ ಅಂತ ಗಟ್ಟಿಮಾಡಿಕೊಂಡಳು. ಆಮೇಲೆ ಫಟಾರನೆ ಕಪಾಳಕ್ಕೊಂದು ಬಿಟ್ಟು, ಅವನನ್ನು ಎದೆಗೆ ಅವಚಿಕೊಂಡು ಗೊಳೋ ಎಂದು ಅತ್ತಳು.