ಟೈಲ್ಸ್ ಹೊಲಸಾಗಬಾರದು

ಸಿಮೆಂಟ್ ಕಂಪನಿಯವರು ಊರ ಶಾಲೆಯ ಹುಡುಗಿಯರಿಗೆ ಪಾಯಖಾನೆ ಕಟ್ಟಿಸಿದರು. ಶಾಲೆಗೆ ಇದ್ದದ್ದು ಅದೊಂದೇ. ಬಾಗಿಲಿಗಿಂತ ಕಂಪನಿಯ ಬೋರ್ಡೇ ದೊಡ್ಡದಿತ್ತು. "ಪ್ರಶಸ್ತಿ ಕೊಡೋರು ಬಂದು ನೋಡೋತನಕ ಟೈಲ್ಸ್ ಹೊಲಸಾಗಬಾರದು" ಎಂದು ಮ್ಯಾನೇಜರ್ ಕುಷ್ಟಗಿ ಸಾಹೇಬರು ಕೀಲಿ ಜಡಿಸಿ, ಕೀಲಿಕೈಯನ್ನು ಆಫೀಸಿಗೆ ಒಯ್ದರು.

ತಿಂಗಳು ಕಳೆದ ಮೇಲೆ ಅದೇ ಶಾಲೆಗೆ ಸ್ವಚ್ಛತೆಯ ಬಗ್ಗೆ ಭಾಷಣ ಬಿಗಿಯಲು ಬಂದರು. ಬಿಸಿಯೂಟದ ಅಡುಗೆಯಾಕೆ ನೀಲವ್ವ ಗ್ಲಾಸಿನ ಮೇಲೆ ಗ್ಲಾಸು ಮಜ್ಜಿಗೆ ತಂದುಕೊಟ್ಟಳು.

"ಬಿಸಲು ಭಾಳ ಐತ್ರೀ, ಇನ್ನೊಂದೀಟು ಕುಡೀರಿ."

ಆರನೇ ಗ್ಲಾಸಿಗೆ ಭಾಷಣ ಅರ್ಧಕ್ಕೇ ನಿಂತಿತು. ಸುತ್ತ ಬರೀ ಬಯಲು, ಎದುರಿಗೆ ಇಡೀ ಊರು. ಸಾಹೇಬರು ಓಡಿಹೋಗಿ ತಾವೇ ಜಡಿಸಿದ ಕೀಲಿಯ ಮುಂದೆ ಕುಣಿಯತೊಡಗಿದರು.

"ಕೀಲಿಕೈ ಎಲ್ಲೈತಿ?"

"ನೀವ ಆಫೀಸಿಗೆ ಒಯ್ದೀರಲ್ರೀ."

"ಮತ್ತ ಈ ಹುಡುಗ್ಯಾರು ಏನ್ ಮಾಡ್ತಾರ?"

"ಮುಂಜಾನಿಂದ ಸಂಜೀತನಕ ಹನಿ ನೀರು ಕುಡಿಯೂದಿಲ್ರೀ. ನಿಮಗ ಅದನ್ನ ಹೇಳೂದು ಮರ್ತೇಬಿಟ್ಟೆ ನೋಡ್ರಿ."

"ಕಲ್ಲು! ಒಂದು ಕಲ್ಲು ಕೊಡವ್ವಾ!" ಎಂದು ಸಾಹೇಬರು ಒದರಿದರು.

ಕಲ್ಲನ್ನು ನೀಲವ್ವ ಮುಂಜಾನೆಯೇ ತಂದು ಬಾಗಿಲ ಪಕ್ಕ ಇಟ್ಟಿದ್ದಳು.