ಐದು ಜನರ ಗಾಳಿ

ಪಾಲಾಕ್ಷಪ್ಪನ ಐದು ಸೀಟಿನ ಸ್ಪೋರ್ಟ್ಸ್ ಕಾರು ಸಣ್ಣ ಗುಂಡಿಗೂ ಎತ್ತಿ ಹಾಕುತ್ತಿತ್ತು. ಅವನ ಕಟ್ಟಡದಲ್ಲೇ ಪಂಕ್ಚರ್ ಅಂಗಡಿ ಇಟ್ಟಿದ್ದ ಹೆಂಗಸಿನ ಮುಂದೆ ತಂದು ನಿಲ್ಲಿಸಿದ.

“ಈ ಕುಲುಕಾಟ ನಿಲ್ಲಬೇಕು. ಗಾಳಿ ಮಾತ್ರ ಇಳಿಸಬೇಡ, ಗಾಳಿಗೂ ನನಗೇನು ಬಡತನವಾ? ಆಗದಿದ್ರೆ ನಾಳೆ ಅಂಗಡಿ ಖಾಲಿ ಮಾಡು.”

ಅವಳು ಗಾಳಿ ಅಳೆದಳು. ಕಾರಿನ ಬಾಗಿಲು ತೆಗೆದು, ಎಷ್ಟು ಜನಕ್ಕೆ ಎಷ್ಟು ಗಾಳಿ ಎಂದು ಒಳಗೆ ಅಂಟಿಸಿದ್ದ ಚೀಟಿ ಓದಿದಳು.

“ಇದು ಐದು ಜನ ಕೂರೋ ಗಾಳಿ ಸಾರ್. ಇಳಿಸೋದು ಬೇಡ. ಇನ್ನೂ ನಾಲ್ಕು ಜನರನ್ನ ಕೂರಿಸ್ಕೊಳ್ಳಿ, ಕುಲುಕಾಟ ತಾನಾಗೇ ನಿಲ್ಲುತ್ತೆ.”

ಪಾಲಾಕ್ಷಪ್ಪ ಹಿಂದಿನ ಸೀಟು ನೋಡಿದ. ಕಾರು ಕೊಂಡು ವರ್ಷವಾಗಿದ್ದರೂ ಅದರ ಪ್ಲಾಸ್ಟಿಕ್ ಹೊದಿಕೆ ಹಾಗೇ ಇತ್ತು.

“ಒಬ್ಬನಿಗೆ ಎಷ್ಟೋ ಅಷ್ಟಕ್ಕೆ ಇಳಿಸಮ್ಮ” ಎಂದ, ಮೆತ್ತಗೆ.

ಕಾರು ತೇಲಿಕೊಂಡು ಹೋಯಿತು. ಮರುದಿನ ಬೆಳಿಗ್ಗೆ ಮತ್ತೆ ಬಂತು.

“ಗಾಳಿ ನೋಡಮ್ಮ.”

ನೋಡಿದಳು. “ಸರಿಯಾಗೇ ಇದೆ ಸಾರ್. ಮಾತಾಡೋಕೆ ಬಂದಿದ್ರೆ ಸ್ಟೂಲು ಅಲ್ಲಿದೆ.”

ಪಾಲಾಕ್ಷಪ್ಪ ಕೂತ.